ಕೈ ಕುದುರುವ ಕಾಲ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮಧ್ಯಾಹ್ನ ಅಕ್ಕನ ಫೋನು. ಮಗನಿಗೆ 100ಕ್ಕೆ 58 ಬಂದಿತ್ತು, ಒಂದೇ ಸಲಕ್ಕೆ ಪಾಸಾಗಿದ್ದ. ಆದರೂ ಅವಳ ದನಿಯಲ್ಲಿ ಗೆಲುವಿರಲಿಲ್ಲ. "ಓದು ಇವನ ತಲಿಗೆ ಹತ್ತೂದಿಲ್ಲೋ ತಮ್ಮಾ. ಸುಮ್ನ ಐಟಿಐಗೆ ಹಾಕಿಬಿಡೂಣೇನು?" ಎಂದಳು. ಹಿಂದಿನಿಂದ ಭಾವನವರ ಮಾತೂ ಕೇಳಿಸಿತು: "ಐಟಿಐ ಅಂದ್ರ ನಾಳೆ ಹೆಣ್ಣು ಯಾರು ಕೊಡ್ತಾರ, ಅದನ್ನೂ ಕೇಳು."

ಆ "ಸುಮ್ನ" ಎಂಬ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. ಪಿಯುಸಿ ವಿಜ್ಞಾನಕ್ಕೆ ಸೇರಿಸುವಾಗ ನಾಲ್ಕು ಕಾಲೇಜು ಸುತ್ತುತ್ತೇವೆ, ಹಾಸ್ಟೆಲಿನ ಊಟ ನೋಡುತ್ತೇವೆ, ಕಳೆದ ವರ್ಷ ಎಷ್ಟು ಮಕ್ಕಳಿಗೆ ಸೀಟು ಸಿಕ್ಕಿತೆಂದು ವಿಚಾರಿಸುತ್ತೇವೆ. ಕಸುಬು ಕಲಿಯಲು ಹೊರಟ ಮಗುವನ್ನು ಮಾತ್ರ ಸುಮ್ಮನೆ ಹಾಕಿಬಿಡುತ್ತೇವೆ. ಯಾವ ಟ್ರೇಡು, ಯಾವ ಸಂಸ್ಥೆ, ಕಲಿಸುವವರು ಯಾರು, ಅಲ್ಲಿ ಯಂತ್ರ ಓಡುತ್ತಿದೆಯೋ ತುಕ್ಕು ಹಿಡಿದಿದೆಯೋ, ಯಾವುದನ್ನೂ ಕೇಳುವುದಿಲ್ಲ. ಎರಡು ವರ್ಷದ ಮೇಲೆ ಹುಡುಗ ಪ್ರಮಾಣಪತ್ರ ಹಿಡಿದು ಬರುತ್ತಾನೆ, ಮೈಕ್ರೋಮೀಟರ್ ಕೈಗೆ ಕೊಟ್ಟರೆ ಓದಲು ಬರುವುದಿಲ್ಲ. ಆಗ "ಐಟಿಐ ಮಾಡಿ ಏನೂ ಉಪಯೋಗ ಇಲ್ಲ" ಎನ್ನುತ್ತೇವೆ.

ಓದು ತಲೆಗೆ ಹತ್ತುತ್ತದೆ, ಕೆಲಸ ಕೈಗೆ ಹತ್ತುತ್ತದೆ. ಬಡಗಿಯ ಮನೆಯಲ್ಲಿ, ಕಮ್ಮಾರಸಾಲೆಯಲ್ಲಿ ಹುಡುಗನೊಬ್ಬ ತಾನಾಗಿ ಕೆಲಸ ಮುಗಿಸಿದ ದಿನ ಹಿರಿಯರು "ಇವನ ಕೈ ಕುದುರಿತು" ಎನ್ನುತ್ತಾರೆ. ಕೈ ಕುದುರುವುದಕ್ಕೂ ಒಂದು ಕಾಲವಿದೆ. ಹದಿನೈದರಿಂದ ಇಪ್ಪತ್ತರ ನಡುವೆ ಬೆರಳು, ಕಣ್ಣು, ಭುಜ ಬೇಗ ಪಳಗುತ್ತವೆ, ತಪ್ಪು ಮಾಡಿ ಬೈಸಿಕೊಳ್ಳುವುದಕ್ಕೆ ಮನಸ್ಸೂ ಹಿಂಜರಿಯುವುದಿಲ್ಲ. ಆ ಐದು ವರ್ಷಗಳನ್ನು ಎಲ್ಲಿ ಕಳೆಯುತ್ತಾನೆ ಎಂಬುದು ಟ್ರೇಡಿನ ಹೆಸರಿಗಿಂತ ದೊಡ್ಡ ಪ್ರಶ್ನೆ. ಅಕ್ಕನಿಗೆ ಹೇಳಿದೆ: "ಒಂದು ವಾರ ಏನೂ ತೀರ್ಮಾನ ಮಾಡಬ್ಯಾಡ. ಹುಡುಗನನ್ನ ಹುಬ್ಬಳ್ಳಿಗೆ ಕಳಸು."

ಬಂದವನನ್ನು ಏನಾಗಬೇಕೆಂದು ಕೇಳಿದೆ. "ಬೈಕ್ ಮೆಕ್ಯಾನಿಕ್" ಎಂದ. ಹದಿನಾರು ವರ್ಷದ ಹುಡುಗ ಮತ್ತೇನು ಹೇಳಿಯಾನು? ಅವನು ಹತ್ತಿರದಿಂದ ಕಂಡ ಕಸುಬು ಅದೊಂದೇ. ಊರ ಬಸ್‌ಸ್ಟ್ಯಾಂಡಿನ ಪಕ್ಕದ ಗ್ಯಾರೇಜು ಬಿಟ್ಟರೆ ಯಂತ್ರವನ್ನು ಬಿಚ್ಚಿದ ಜಾಗ ನೋಡಿರಲಿಲ್ಲ. ಕಂಡಿರದ್ದನ್ನು ಆರಿಸು ಎಂದರೆ ಮಗು ಹೇಗೆ ಆರಿಸಬೇಕು! ಆದ್ದರಿಂದ ಮೊದಲ ಕೆಲಸ ತೋರಿಸುವುದು ಎಂದುಕೊಂಡು ಮೂರು ದಿನ ರಜೆ ಹಾಕಿದೆ.

ಮೊದಲ ದಿನ ಹೋದದ್ದು ಪಂಪ್‌ಸೆಟ್ಟಿನ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿಗೆ. ಬೇಸಿಗೆ, ಬೋರ್‌ವೆಲ್ ಮೋಟಾರು ಸುಡುವ ಕಾಲ. ಬಾಗಿಲಲ್ಲೇ ಸುಟ್ಟ ವಾರ್ನಿಷಿನ ವಾಸನೆ. ಹಳೆಯ ತಾಮ್ರದ ತಂತಿಯನ್ನು ಕತ್ತರಿಸಿ ಎಳೆಯುವ ಮುಂಚೆ ಅಲ್ಲಿನ ಕೆಲಸಗಾರ ಒಂದೊಂದು ಸುರುಳಿಯಲ್ಲಿ ಎಷ್ಟು ಸುತ್ತಿದೆ, ತಂತಿ ಯಾವ ಗೇಜಿನದು, ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಹೋಗಿದೆ ಎಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಸುತ್ತಿನ ಲೆಕ್ಕ ತಪ್ಪಿದರೆ ಮೋಟಾರು ಬಿಸಿಯಾಗುತ್ತದೆ, ತಿಂಗಳೊಳಗೆ ರೈತ ವಾಪಸು ಹೊತ್ತು ತರುತ್ತಾನೆ. ಅರ್ಧ ದಿನ ಅಲ್ಲಿ ಕುಳಿತ ಹುಡುಗ ಸಂಜೆ ಹೇಳಿದ್ದು: "ಇಷ್ಟು ಹೊತ್ತು ಎಣಿಸಿಕೋತ ಕೂಡೂದು ನನಗ ಆಗೂದಿಲ್ಲ ಮಾಮಾ." ಸರಿ. ಒಂದು ಬೇಡವೆಂದು ಗೊತ್ತಾದರೂ ದಿನ ಹಾಳಾಗಲಿಲ್ಲ.

ಎರಡನೆಯ ದಿನ ಫ್ಯಾಬ್ರಿಕೇಷನ್ ಶೆಡ್ಡು. ಗೇಟು, ಗ್ರಿಲ್, ಟ್ರಾಲಿ ಮಾಡುವ ಜಾಗ. ಅಲ್ಲಿ ಹುಡುಗನ ಕಣ್ಣು ಅರಳಿತು, ಕಿಡಿ ಹಾರುವ ಕೆಲಸದಲ್ಲಿ ಒಂದು ಸೆಳೆತ ಇದೆ. ಮಾಲೀಕರು ಒಳ್ಳೆಯ ಮಾತಿನವರು. "ನಾಳೆಯಿಂದನ ಬರಲಿ ಸರ, ದಿನಕ್ಕ ಮುನ್ನೂರು ಕೊಡ್ತೀನಿ, ಎರಡು ವರ್ಷದಾಗ ವೆಲ್ಡರ್ ಆಕ್ಕಾನ" ಎಂದರು. ಅವರ ಹಿಂದೆ ಹೆಚ್ಚುಕಡಿಮೆ ನನ್ನ ಅಳಿಯನ ವಯಸ್ಸಿನ ಹುಡುಗನೊಬ್ಬ ಮುಖಕ್ಕೆ ಶೀಲ್ಡು ಇಲ್ಲದೆ, ಕಣ್ಣನ್ನು ಒಂದಿಷ್ಟು ಓರೆ ಮಾಡಿ ಟ್ಯಾಕ್ ಹಾಕುತ್ತಿದ್ದ. ವೆಲ್ಡಿಂಗಿನ ಬೆಳಕನ್ನು ಬರಿಗಣ್ಣಲ್ಲಿ ನೋಡಿದವರಿಗೆ ಆ ಕ್ಷಣದಲ್ಲಿ ಏನೂ ಆಗುವುದಿಲ್ಲ. ರಾತ್ರಿ ಮಲಗಿದ ಮೇಲೆ ಕಣ್ಣಿಗೆ ಮರಳು ಎರಚಿದಂತೆ ಉರಿ ಶುರುವಾಗುತ್ತದೆ. ಆ ಹುಡುಗನ ಕಣ್ಣಂಚು ಕೆಂಪಾಗಿತ್ತು.

ದಿನಕ್ಕೆ ಮುನ್ನೂರು ಎಂಬುದು ಬಡ ಮನೆಗೆ ದೊಡ್ಡ ಮಾತು. ಎಷ್ಟೋ ಮಕ್ಕಳು ಇಲ್ಲಿಂದಲೇ ಕಸುಬಿಗೆ ಇಳಿಯುತ್ತಾರೆ, ಕೆಲವರು ಒಳ್ಳೆಯ ಕೆಲಸಗಾರರೂ ಆಗುತ್ತಾರೆ. ಆದರೂ ನಾನು ಒಪ್ಪಲಿಲ್ಲ, ಕಾರಣವನ್ನು ಹುಡುಗನ ಎದುರಿಗೇ ಹೇಳಿದೆ. 2016ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ 14 ತುಂಬದ ಮಗುವನ್ನು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರ ನಡುವಿನವರನ್ನು ಅಪಾಯಕಾರಿ ಕೆಲಸಗಳಲ್ಲಿ ದುಡಿಸುವಂತಿಲ್ಲ. ಇದು ಕಾನೂನಿನ ಮಾತಾಯಿತು. ಬದುಕಿನ ಮಾತು ಇನ್ನೊಂದಿದೆ. ಆ ಶೆಡ್ಡಿನಲ್ಲಿ ಹತ್ತು ವರ್ಷ ದುಡಿದರೂ ಕೈಯಲ್ಲಿ ಒಂದು ಕಾಗದ ಇರುವುದಿಲ್ಲ. ಗೇಟು ಬೆಸೆಯುವ ವೆಲ್ಡರನೂ ಬಾಯ್ಲರಿನ ಪೈಪು ಬೆಸೆಯುವ ವೆಲ್ಡರನೂ ಒಂದೇ ಕಿಡಿ ಹಾರಿಸುತ್ತಾರೆ, ಆದರೆ ಎರಡನೆಯವನು 6ಜಿ ಎಂಬ ಪರೀಕ್ಷೆ ಪಾಸಾಗಿರುತ್ತಾನೆ. 45 ಡಿಗ್ರಿ ಓರೆಯಾಗಿ ಬಿಗಿದ, ತಿರುಗಿಸಲಾಗದ ಪೈಪಿನ ಸುತ್ತ ಮೇಲೆ, ಪಕ್ಕಕ್ಕೆ, ಕೆಳಗೆ, ತಲೆ ಎತ್ತಿ, ಎಲ್ಲ ಭಂಗಿಯಲ್ಲೂ ಒಂದೇ ಸಮನೆ ಬೆಸೆಯಬೇಕು. ಆಮೇಲೆ ಆ ಬೆಸುಗೆಯನ್ನು ಎಕ್ಸ್‌ರೇ ತೆಗೆದು ನೋಡುವುದೂ ಉಂಟು, ಒಳಗೆ ಗಾಳಿಗುಳ್ಳೆ ಮಿತಿ ಮೀರಿದ್ದರೆ ನಪಾಸು. ರಿಫೈನರಿಗಳಲ್ಲಿ, ಹಡಗುಕಟ್ಟೆಗಳಲ್ಲಿ, ಕೊಲ್ಲಿ ದೇಶಗಳಲ್ಲಿ ಕೂಲಿ ಏರುವುದು ಈ ಕಾಗದದ ಮೇಲೆ. ಎಸ್ಸೆಸ್ಸೆಲ್ಸಿ ಪಾಸಾಗದವನ ಪಾಸ್‌ಪೋರ್ಟಿಗೆ ಕೊಲ್ಲಿ ದೇಶಕ್ಕೆ ದುಡಿಯಲು ಹೋಗುವ ಮುಂಚೆ ಬೇರೆಯೇ ಅನುಮತಿ ಬೇಕಾಗುತ್ತದೆ ಎಂಬುದೂ ಮಕ್ಕಳಿಗೆ ತಿಳಿದಿರಬೇಕು. ಹತ್ತನೆಯದರಲ್ಲಿ ನಪಾಸಾದ ಮಗು "ಹೆಂಗೂ ಕೆಲಸ ಕಲೀತೀನಲ್ಲ" ಎಂದು ಪುಸ್ತಕ ಎತ್ತಿಟ್ಟರೆ ದಯವಿಟ್ಟು ಬಿಡಬೇಡಿ. 2024ರಿಂದ ನಮ್ಮ ರಾಜ್ಯದಲ್ಲಿ ಅದೇ ವರ್ಷ ಮತ್ತೆ ಪರೀಕ್ಷೆ ಬರೆದು ಅಂಕ ತಿದ್ದಿಕೊಳ್ಳುವ ದಾರಿ ಇನ್ನಷ್ಟು ಸಲೀಸಾಗಿದೆ. ವೆಲ್ಡರ್, ವೈರ್‌ಮನ್ ಇಂಥ ಟ್ರೇಡುಗಳಿಗೆ ಎಂಟನೆಯದು ಪಾಸಾದವರನ್ನೂ ತೆಗೆದುಕೊಳ್ಳುತ್ತಾರೆ, ನಿಜ. ಆದರೂ ಹತ್ತನೆಯದು ಮುಗಿಸಿದರೆ ಮುಂದಿನ ಎಷ್ಟೋ ಬಾಗಿಲು ತೆರೆದೇ ಇರುತ್ತವೆ.

ಮೂರನೆಯ ದಿನ ಗೋಕುಲ ರಸ್ತೆಯ ಕೈಗಾರಿಕಾ ಎಸ್ಟೇಟಿನಲ್ಲಿ ಒಂದು ಟರ್ನಿಂಗ್ ಶಾಪು. ಯಜಮಾನರಿಗೆ ಎಪ್ಪತ್ತು ದಾಟಿದೆ. ಹರೆಯದಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರಿನಲ್ಲಿ ಅಪ್ರೆಂಟಿಸ್ ಆಗಿದ್ದವರು. 1941ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಮಾಡಿದ ಲೇತುಗಳು ದೇಶದ ತುಂಬ ಹೋದವು. ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಆ ಲೇತುಗಳು ಹುಬ್ಬಳ್ಳಿಯ ಶೆಡ್ಡುಗಳಲ್ಲಿ ಇನ್ನೂ ತಿರುಗುತ್ತಿವೆ. ಯಜಮಾನರು ಹುಡುಗನಿಗೆ ಯಂತ್ರ ತೋರಿಸಲಿಲ್ಲ. ವೈಸಿನಲ್ಲಿ ಒಂದು ಕಬ್ಬಿಣದ ತುಂಡು ಬಿಗಿದು ಕೈಗೆ ಅರ ಕೊಟ್ಟರು. "ಇದನ್ನ ಸಪಾಟ ಮಾಡು."

ಅರ ಉಜ್ಜುವುದು ನೋಡಿದವರಿಗೆ ಸುಲಭ. ಉಜ್ಜಿದವರಿಗೆ ಗೊತ್ತು, ಕೈ ಮುಂದೆ ಹೋದಾಗ ಬಲ ಹಿಂದಿನಿಂದ ಮುಂದಕ್ಕೆ ಜಾರುತ್ತದೆ, ತುಂಡಿನ ಎರಡು ಅಂಚು ಸವೆದು ನಡು ಉಬ್ಬಿಬಿಡುತ್ತದೆ. ಮೊದಲ ದಿನ ಎಲ್ಲರ ತುಂಡೂ ಆನೆಯ ಬೆನ್ನಿನಂತೆ. ಯಜಮಾನರು ಟ್ರೈಸ್ಕ್ವೇರ್ ಅಂಚನ್ನು ತುಂಡಿನ ಮೇಲೆ ನಿಲ್ಲಿಸಿ ಕಿಟಕಿಯ ಕಡೆ ಎತ್ತಿ ಹಿಡಿದರು. ಅಂಚಿನ ಕೆಳಗೆ ಸಣ್ಣ ಗೆರೆಯಷ್ಟು ಬೆಳಕು ತೂರಿ ಬಂತು. "ಬೆಳಕು ಕಾಣಿಸಿತೇನು? ಆ ಬೆಳಕು ಹೋಗೂ ತನಕ ಉಜ್ಜು." ಹುಡುಗ ಎರಡೂವರೆ ಗಂಟೆ ಉಜ್ಜಿದ. ಊಟಕ್ಕೆ ಕರೆದರೂ ಬರಲಿಲ್ಲ. ಬೆಳಕು ಹೋಗಲಿಲ್ಲ, ಅಂಗೈಯಲ್ಲಿ ಎರಡು ಬೊಬ್ಬೆ ಎದ್ದವು. ಎಣಿಸುತ್ತ ಕೂಡಲು ಆಗದು ಎಂದಿದ್ದವನು ಇಲ್ಲಿ ಹೊತ್ತು ಹೋದದ್ದೇ ತಿಳಿಯದಂತೆ ನಿಂತಿದ್ದ. ನನಗೆ ಬೇಕಾಗಿದ್ದ ಉತ್ತರ ಆಗಲೇ ಸಿಕ್ಕಿತ್ತು. ಯಾವ ಕೆಲಸ ಇಷ್ಟ ಎಂದು ಮಗುವನ್ನು ಕೇಳುವುದಕ್ಕಿಂತ, ಯಾವ ಕೆಲಸದ ಬೇಸರವನ್ನು ಅದು ತಡೆದುಕೊಳ್ಳುತ್ತದೆ ಎಂದು ನೋಡಬೇಕು. ಪ್ರತಿ ಕಸುಬಿನಲ್ಲೂ ಬೇಸರದ ಭಾಗವೇ ಹೆಚ್ಚು.

ಹೊರಡುವಾಗ ಯಜಮಾನರು ಗೋಡೆಯ ಮೇಲಿದ್ದ ಬಡಗಿಯ ಅಳತೆಪಟ್ಟಿ ತೋರಿಸಿ ಹೇಳಿದರು: "ಅವನ ಲೆಕ್ಕ ನೂಲಿನಾಗ, ಇಂಚಿನ ಎಂಟನೇ ಒಂದು ಪಾಲು. ನಮ್ಮ ಲೆಕ್ಕ ಮಿಲಿಮೀಟರಿನ ನೂರನೇ ಒಂದು ಪಾಲು. ಗಣಿತ ಬ್ಯಾಡ ಅಂತ ಇಲ್ಲಿಗೆ ಬರಬ್ಯಾಡ." ಈ ಮಾತನ್ನು ಎಲ್ಲ ತಂದೆತಾಯಿಗೂ ಕೇಳಿಸಬೇಕು ಅನ್ನಿಸಿತು. ಓದು ಬಾರದವರಿಗೆ ಐಟಿಐ ಎಂಬುದು ನಾವು ಕಟ್ಟಿಕೊಂಡ ಸುಳ್ಳು. ಟರ್ನರಿಗೆ ಕೋನಮಾಪನ ಬೇಕು, ಎಲೆಕ್ಟ್ರಿಷಿಯನ್‌ಗೆ ಓಮ್‌ನ ನಿಯಮ ಬೇಕು, ಫಿಟ್ಟರಿಗೆ ಡ್ರಾಯಿಂಗ್ ಓದಲು ಬರಬೇಕು. ಪುಸ್ತಕದ ಗಣಿತ ಬಿಟ್ಟು ಓಡಿದ ಎಷ್ಟೋ ಮಕ್ಕಳಿಗೆ ಅದೇ ಗಣಿತ ಕಬ್ಬಿಣದ ಮೇಲೆ ತಟ್ಟನೆ ಅರ್ಥವಾಗುತ್ತದೆ. ಅವರ ತಲೆಗೆ ಏನೂ ಆಗಿರುವುದಿಲ್ಲ, ದಾರಿ ಬೇರೆ ಅಷ್ಟೇ.

ನಮ್ಮಲ್ಲಿ ಕೈಗೂ ಪುಸ್ತಕಕ್ಕೂ ನಡುವೆ ಎದ್ದ ಗೋಡೆ ಹಳೆಯದು. ಕಮ್ಮಾರ, ಬಡಗಿ, ಅಕ್ಕಸಾಲಿಗ ಕಸುಬನ್ನು ಮನೆಯಲ್ಲೇ ಕಲಿತರು, ಅವರ ಜ್ಞಾನ ಶಾಲೆಯ ಹೊಸಿಲು ದಾಟಲಿಲ್ಲ. ಶಾಲೆಗೆ ಹೋದವರು ಉಳಿ ಮುಟ್ಟಲಿಲ್ಲ. ಇದರಲ್ಲಿ ಜಾತಿಯ ಪಾಲು ದೊಡ್ಡದು, ಭಾವನವರು "ಹೆಣ್ಣು ಯಾರು ಕೊಡ್ತಾರ" ಎಂದದ್ದೂ ಅದೇ ಗೋಡೆಯ ಈಚೆಗಿನ ಗಾರೆ. ವಿಶ್ವೇಶ್ವರಯ್ಯನವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. 1943ರಲ್ಲಿ ಅವರ ಆಸಕ್ತಿಯಿಂದ ಬೆಂಗಳೂರಿನಲ್ಲಿ ಶುರುವಾದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟಿನ ಹೆಸರಿನಲ್ಲೇ ಕಸುಬು ಇತ್ತು. ಈಗ ಅದು ಎಸ್‌ಜೆ ಪಾಲಿಟೆಕ್ನಿಕ್. ಸ್ವಾತಂತ್ರ್ಯ ಬಂದ ಮೇಲೆ 1950ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿ ತರಬೇತಿ ಯೋಜನೆ ತಂದಿತು, ಇಂದಿನ ಐಟಿಐಗಳೆಲ್ಲ ಅದರ ಕೊಂಬೆಗಳು. ಬೆಂಗಳೂರಿನಲ್ಲಿ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್ ಬೆಳೆದದ್ದು ಎಂಜಿನಿಯರುಗಳಿಂದ ಮಾತ್ರವಲ್ಲ, ಮೈಕ್ರಾನಿನ ಅಳತೆಗೆ ಕೈ ಪಳಗಿಸಿಕೊಂಡ ಸಾವಿರಾರು ಫಿಟ್ಟರು, ಟರ್ನರುಗಳಿಂದ.

ಇನ್ನು ಸೇರಿಸುವ ಮಾತು. ಎಸ್ಸೆಸ್ಸೆಲ್ಸಿ ಫಲಿತಾಂಶದ ಹಿಂದೆಯೇ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ ಆನ್‌ಲೈನ್ ಅರ್ಜಿ ಕರೆಯುತ್ತದೆ. ಅಂಕ, ಮೀಸಲಾತಿ ನೋಡಿ ಸುತ್ತು ಸುತ್ತಾಗಿ ಸೀಟು ಹಂಚುತ್ತಾರೆ. 14 ವರ್ಷ ತುಂಬಿರಬೇಕು. ಎಲೆಕ್ಟ್ರಿಷಿಯನ್, ಫಿಟ್ಟರ್ ಮೊದಲು ತುಂಬುತ್ತವೆ, ಏಕೆಂದರೆ ಸರ್ಕಾರಿ ನೇಮಕಾತಿ ಪ್ರಕಟಣೆಗಳಲ್ಲಿ ಆ ಎರಡು ಹೆಸರು ಹೆಚ್ಚು ಕಾಣುತ್ತವೆ. ರೈಲ್ವೆಯ ಸಹಾಯಕ ಲೋಕೊಪೈಲಟ್, ಇಸ್ರೋದ ಟೆಕ್ನಿಷಿಯನ್-ಬಿ, ಇವೆಲ್ಲ ಎಸ್ಸೆಸ್ಸೆಲ್ಸಿಯ ಮೇಲೆ ಐಟಿಐ ಮಾಡಿದವರಿಗೆ ತೆರೆದ ಹುದ್ದೆಗಳು. ಇಲ್ಲೊಂದು ಮಾತು, ಯಾರೂ ಮೊದಲೇ ಹೇಳುವುದಿಲ್ಲ: ಅರ್ಜಿ ಹಾಕುವ ಮುಂಚೆ ಮಗುವಿನ ಕಣ್ಣು ತೋರಿಸಿ. ಕೆಂಪು-ಹಸಿರು ಬಣ್ಣ ಬೇರೆಯಾಗಿ ಕಾಣದ ಹುಡುಗರು ನಾವು ಎಣಿಸಿದ್ದಕ್ಕಿಂತ ಹೆಚ್ಚಿದ್ದಾರೆ, ಅವರಲ್ಲಿ ಬಹಳ ಮಂದಿಗೆ ಅದು ಗೊತ್ತೇ ಇರುವುದಿಲ್ಲ. ಲೋಕೊಪೈಲಟ್ ಆಗುವ ಆಸೆಯಿಂದ ಎರಡು ವರ್ಷ ಓದಿ, ಪರೀಕ್ಷೆಯೂ ಪಾಸಾಗಿ, ಕೊನೆಗೆ ರೈಲ್ವೆ ಆಸ್ಪತ್ರೆಯ ಕಣ್ಣಿನ ಪರೀಕ್ಷೆಯಲ್ಲಿ ಕಣ್ಣೀರು ಹಾಕಿಕೊಂಡು ಬಂದ ಹುಡುಗನನ್ನು ನಾನು ಬಲ್ಲೆ. ಹತ್ತು ನಿಮಿಷದ ಪರೀಕ್ಷೆಯನ್ನು ಎರಡು ವರ್ಷ ಮೊದಲೇ ಮಾಡಿಸಿದ್ದರೆ ಅವನು ಬೇರೆ ಟ್ರೇಡು ಹಿಡಿಯುತ್ತಿದ್ದ.

ಸಂಸ್ಥೆ ನೋಡಲು ಹೋದಾಗ ಕಚೇರಿಯಲ್ಲಿ ಕೂಡಬೇಡಿ, ನೇರ ವರ್ಕ್‌ಶಾಪಿಗೆ ಹೋಗಿ. ಸರ್ಕಾರಿಯದಿರಲಿ, ಖಾಸಗಿಯದಿರಲಿ, ನೆಲದ ಮೇಲೆ ಕಬ್ಬಿಣದ ಸಿಪ್ಪೆ ಬಿದ್ದಿದೆಯೇ ನೋಡಿ. ಲೇತಿನ ಚಕ್ ಹೊಳೆಯುತ್ತಿದ್ದರೆ ಅದು ತಿರುಗುತ್ತಿದೆ, ಮೇಲೆ ಬಟ್ಟೆ ಹೊದಿಸಿ ಹೂವು ಏರಿಸಿದ್ದರೆ ಆಯುಧಪೂಜೆಯಿಂದ ಯಾರೂ ಮುಟ್ಟಿಲ್ಲ. ಒಳಗಿರುವ ಹುಡುಗರನ್ನು ಕೇಳಿ: ವಾರದಲ್ಲಿ ಎಷ್ಟು ದಿನ ಯಂತ್ರದ ಮೇಲೆ ನಿಲ್ಲುತ್ತೀರಿ, ವರ್ನಿಯರ್ ಎಲ್ಲರಿಗೂ ಸಿಗುತ್ತದೆಯೇ, ಕಲಿಸುವ ಜೆಟಿಒ (ಕಿರಿಯ ತರಬೇತಿ ಅಧಿಕಾರಿ) ಎಷ್ಟು ಜನ ಇದ್ದಾರೆ, ಹುದ್ದೆ ಖಾಲಿ ಇದೆಯೇ. ಇಲ್ಲಿ ಹಾಜರಾತಿ ಶೇಕಡಾ 80 ಇರಬೇಕೆಂಬ ನಿಯಮವಿದೆ. "ಬರದಿದ್ರೂ ನಡೀತದ, ಪರೀಕ್ಷೆಗೆ ಬಂದ್ರ ಸಾಕು" ಎಂದು ಯಾವ ಸಂಸ್ಥೆಯವರಾದರೂ ಅಕ್ಕರೆಯಿಂದ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಅವರು ಮಾರುತ್ತಿರುವುದು ಕಾಗದ. ಮಾನ್ಯತೆ ಸಂಸ್ಥೆಗೆ ಒಟ್ಟಾಗಿ ಅಲ್ಲ, ಒಂದೊಂದು ಟ್ರೇಡಿಗೆ, ಒಂದೊಂದು ತಂಡಕ್ಕೆ ಬೇರೆಬೇರೆಯಾಗಿ ಸಿಗುತ್ತದೆ. ಫಿಟ್ಟರಿಗೆ ಮಾನ್ಯತೆ ಇದ್ದು ವೆಲ್ಡರಿಗೆ ಇಲ್ಲದಿರಬಹುದು, ಆದ್ದರಿಂದ ಮಗು ಸೇರುವ ಟ್ರೇಡಿನ ಪತ್ರವನ್ನೇ ಕೇಳಿ ನೋಡಿ.

ಸರ್ಕಾರಿ ಐಟಿಐ ಎಂದ ಕೂಡಲೇ ಮೂಗು ಮುರಿಯುವವರು ಒಮ್ಮೆ ಒಳಗೆ ಹೋಗಿ ಬರಲಿ. ನಮ್ಮ ರಾಜ್ಯ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 150 ಸರ್ಕಾರಿ ಐಟಿಐಗಳನ್ನು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ಹೊಸದು ಮಾಡಿತು, 2022ರ ಜೂನ್‌ನಲ್ಲಿ ಅವುಗಳ ಉದ್ಘಾಟನೆ ಆಯಿತು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ, ರೋಬಾಟ್ ತೋಳು, ವಿದ್ಯುತ್ ವಾಹನದ ಪಾಠ ತಾಲ್ಲೂಕು ಮಟ್ಟಕ್ಕೂ ಬಂದಿವೆ. ಯಂತ್ರ ಬಂದ ಮಾತ್ರಕ್ಕೆ ಕಲಿಕೆ ಬರುವುದಿಲ್ಲ, ಕಲಿಸುವವರು ಖಾಯಂ ಇದ್ದಾರೆಯೇ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಆದರೂ ಅಲ್ಲಿನ ಶುಲ್ಕಕ್ಕೆ ಅಂಥ ಯಂತ್ರದ ಮುಂದೆ ನಿಲ್ಲುವ ಅವಕಾಶ ಬೇರೆಲ್ಲೂ ಸಿಗದು.

ಐಟಿಐ ಒಂದೇ ದಾರಿಯಲ್ಲ. ಅಂಕ ಸ್ವಲ್ಪ ಚೆನ್ನಾಗಿದ್ದು, ನಾಲ್ಕು ವರ್ಷ ಕಾಯುವ ಶಕ್ತಿ ಮನೆಗಿದ್ದರೆ ನಾನು ಮೊದಲು ಹೇಳುವ ಹೆಸರು ಜಿಟಿಟಿಸಿ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇದು. ಈಗ ಹುಬ್ಬಳ್ಳಿ, ಬೆಳಗಾವಿ, ಹರಿಹರ, ದಾಂಡೇಲಿ ಎಂದು ರಾಜ್ಯದ ಉದ್ದಗಲಕ್ಕೆ ಹಬ್ಬಿದೆ. ಹತ್ತನೆಯದರ ಮೇಲೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ, ಮೂರು ವರ್ಷ ಕೇಂದ್ರದಲ್ಲಿ, ಒಂದು ವರ್ಷ ಕಾರ್ಖಾನೆಯಲ್ಲಿ. ಬಕೆಟ್ಟಿನಿಂದ ಕಾರಿನ ಬಾಗಿಲಿನವರೆಗೆ ನಾವು ಮುಟ್ಟುವ ಪ್ರತಿ ವಸ್ತುವಿನ ಹಿಂದೆ ಒಂದು ಅಚ್ಚು ಇರುತ್ತದೆ, ಆ ಅಚ್ಚು ಮಾಡುವವರು ಇವರು. ಬಿಡದಿಯಲ್ಲಿ ಟೊಯೋಟಾ 2007ರಲ್ಲಿ ತೆರೆದ ತರಬೇತಿ ಸಂಸ್ಥೆ ಇನ್ನೊಂದು. ಹಳ್ಳಿಯ, ಬಡ ಮನೆಯ ಮಕ್ಕಳನ್ನು ಹತ್ತನೆಯದರ ಮೇಲೆ ಆರಿಸಿ, ಅಲ್ಲೇ ವಸತಿ ಕೊಟ್ಟು ಮೂರು ವರ್ಷ ಕಲಿಸುತ್ತಾರೆ. ಕಲ್ಲು, ಮರ, ಲೋಹದ ಶಿಲ್ಪದ ಕಡೆ ಮನಸ್ಸಿರುವ ಮಗುವಿಗೆ ಕಾರ್ಕಳದ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಟ್ರಸ್ಟ್ ನಡೆಸುವ ಸಿ.ಇ. ಕಾಮತ್ ಸಂಸ್ಥೆ ಇದೆ.

ಮತ್ತೆ, "ಐಟಿಐ ಮಾಡಿದರೆ ಮುಂದಿನ ಓದು ಮುಗಿಯಿತು" ಎಂಬ ಭಯ. ಅದು ನಿಜವಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ಪಾಲಿಟೆಕ್ನಿಕ್ಕಿನ ಎರಡನೆಯ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಹೋಗಬಹುದು. ಅಕ್ಕನಿಗೆ ಇದನ್ನು ಕಾಗದದ ಮೇಲೆ ಏಣಿಯ ಚಿತ್ರ ಬರೆದು ತೋರಿಸಿದೆ. ಅವಳು ಆ ಕಾಗದವನ್ನು ಮಡಚಿ ದೇವರ ಕಪಾಟಿನಲ್ಲಿ ಇಟ್ಟಳು, ಭಾವನವರಿಗೆ ಹೊತ್ತು ನೋಡಿ ತೋರಿಸಲು.

ಹುಡುಗನಿಗೆ ಸರ್ಕಾರಿ ಐಟಿಐಯಲ್ಲಿ ಟರ್ನರ್ ಸೀಟು ಸಿಕ್ಕಿತು. ಮೊದಲ ಮೂರು ತಿಂಗಳು ಕಷ್ಟದವು. ಗೆಳೆಯರೆಲ್ಲ ಪಿಯು ಕಾಲೇಜಿನ ಸಮವಸ್ತ್ರದಲ್ಲಿ, ಇವನು ಎಣ್ಣೆ ಹತ್ತಿದ ನೀಲಿ ಅಂಗಿಯಲ್ಲಿ. ಒಂದೇ ಬಸ್ಸು. ದೀಪಾವಳಿಗೆ ಬಂದವನು "ಬಿಟ್ಟುಬಿಡ್ತೀನಿ" ಎಂದ. ಬುದ್ಧಿ ಹೇಳುವುದು ಬೇಡವೆಂದು ಮತ್ತೆ ಯಜಮಾನರ ಶೆಡ್ಡಿಗೆ ಕರೆದುಕೊಂಡು ಹೋದೆ. ಅವರು ಅದೇ ವೈಸು, ಅದೇ ಅರ ಕೊಟ್ಟರು. ಈ ಸಲ ಒಂದು ತಾಸಿನಲ್ಲಿ ಟ್ರೈಸ್ಕ್ವೇರಿನ ಕೆಳಗೆ ಬೆಳಕು ಹೋಯಿತು. ಯಜಮಾನರು ಏನೂ ಅನ್ನಲಿಲ್ಲ, ಚಹಾ ತರಿಸಿ ಅವನ ಲೋಟಕ್ಕೂ ಹಾಕಿದರು. ಹುಡುಗ ಆಮೇಲೆ ಬಿಡುವ ಮಾತು ಆಡಲಿಲ್ಲ. ಸೇರಿಸಿದ ದಿನಕ್ಕೆ ನಮ್ಮ ಕೆಲಸ ಮುಗಿಯಿತೆಂದು ತಿಳಿಯುವ ಎಲ್ಲ ಹಿರಿಯರಿಗೆ ಇದನ್ನು ಹೇಳಬೇಕೆನಿಸುತ್ತದೆ. ಮೊದಲ ವರ್ಷದಲ್ಲಿ ಮಗು ಒಂದಲ್ಲ ಒಂದು ದಿನ ಸೋತು ಬರುತ್ತದೆ, ಆ ದಿನ ಮನೆಯಲ್ಲಿ ಒಬ್ಬರಾದರೂ ಇರಬೇಕು.

ಅವನ ತಂಡದಲ್ಲಿ ಇಬ್ಬರು ಹುಡುಗಿಯರಿದ್ದರು. ಕೈಯ ನಯ, ಅಳತೆಯ ಶಿಸ್ತು ಅವರದೇ ಚೆನ್ನ ಎಂದು ಜೆಟಿಒ ನನ್ನೆದುರೇ ಹೇಳಿದರು. ಕೊನೆಗೆ ಒಬ್ಬಳು ನಡುವೆಯೇ ಬಿಟ್ಟಳು. ಕೆಲಸ ಕಷ್ಟವಾಗಿ ಅಲ್ಲ, ಸಂಜೆಯ ಬಸ್ಸು ನಿಂತುಹೋಯಿತು ಎಂಬ ಕಾರಣಕ್ಕೆ. ಮಗಳನ್ನು ಲೇತಿನ ಮುಂದೆ ನಿಲ್ಲಿಸಲು ಒಪ್ಪಿದ ತಂದೆತಾಯಿ ಟ್ರೇಡಿನ ಜೊತೆಗೆ ಇವನ್ನೂ ಕೇಳಬೇಕಾಗುತ್ತದೆ: ಶೌಚಾಲಯಕ್ಕೆ ಬಾಗಿಲಿದೆಯೇ, ನೀರಿದೆಯೇ, ಶಿಫ್ಟಿಗೆ ಕಂಪನಿಯ ಬಸ್ಸು ಮನೆಯ ಹತ್ತಿರ ಬರುತ್ತದೆಯೇ. ಇವು ಸಣ್ಣ ಮಾತಲ್ಲ. ಒಂದು ಬಸ್ಸಿಗೆ ಒಬ್ಬ ಒಳ್ಳೆಯ ಟರ್ನರಳನ್ನು ನಾವು ಕಳೆದುಕೊಂಡೆವು.

ಐಟಿಐ ಮುಗಿದ ಮೇಲಿನ ಒಂದು ವರ್ಷ ನನ್ನ ಲೆಕ್ಕದಲ್ಲಿ ಆ ಎರಡು ವರ್ಷಕ್ಕೂ ಮಿಗಿಲು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಉದ್ಯಮಗಳು ತಮ್ಮ ಕೆಲಸಗಾರರ ಸಂಖ್ಯೆಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ, ಮೈಸೂರಿನ ಕೇಂದ್ರ ಕಾರ್ಯಾಗಾರಗಳಿಗೆ ನೈರುತ್ಯ ರೈಲ್ವೆ ಹತ್ತನೆಯ ತರಗತಿ ಮತ್ತು ಐಟಿಐ ಅಂಕಗಳ ಮೇಲೆ ಆರಿಸುತ್ತದೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಮುಂದೆ ಮೊದಲ ಹಂತದ ನೇಮಕಾತಿಯಲ್ಲಿ ಶೇಕಡಾ 20 ಪಾಲೂ ಇದೆ. ಸ್ಟೈಪೆಂಡ್ ಸಂಬಳವಲ್ಲ. 2019ರ ನಿಯಮಗಳು ಐಟಿಐ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000 ಎಂದು ಇಟ್ಟವು, ಸೇರುವ ವರ್ಷದ ದರವನ್ನು ವಿಚಾರಿಸಿಕೊಳ್ಳಬೇಕು. 18 ತುಂಬದ ಅಪ್ರೆಂಟಿಸ್‌ನ ಒಪ್ಪಂದಕ್ಕೆ ಸಹಿ ಹಾಕುವವರು ತಂದೆ, ತಾಯಿ ಇಲ್ಲವೇ ಪೋಷಕರು. ಸಹಿ ಹಾಕುವ ಮುಂಚೆ ಒಂದು ಸಂಗತಿ ನೋಡಿ: ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಷಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ? ನೋಂದಣಿ ಇಲ್ಲದೆ "ಟ್ರೇನಿ" ಎಂದು ಬರೆದುಕೊಂಡರೆ ವರ್ಷದ ಕೊನೆಗೆ ರಾಷ್ಟ್ರೀಯ ಪ್ರಮಾಣಪತ್ರ ಬರುವುದಿಲ್ಲ, ಕೈಗೆ ಗಾಯವಾದರೆ ಪರಿಹಾರ ಕೇಳಲು ಕಾಗದವೂ ಇರುವುದಿಲ್ಲ.

ನನ್ನ ಅಳಿಯನೂ ಇಂಥದೇ ಒಂದು ಹೊಂಡಕ್ಕೆ ಕಾಲಿಟ್ಟಿದ್ದ. ಐಟಿಐ ಮುಗಿದ ಕೂಡಲೇ ಕಂಟ್ರಾಕ್ಟರನೊಬ್ಬ ತರಗತಿಗೆ ತರಗತಿಯನ್ನೇ ಬಸ್ಸಿಗೆ ತುಂಬಿಕೊಂಡು ದೂರದ ಕಾರ್ಖಾನೆಗೆ ಒಯ್ದ. ಸಂಬಳ ಚೆನ್ನಾಗಿತ್ತು, ಊಟ-ವಸತಿ ಇತ್ತು. ಕೆಲಸ ಏನು? ಸಿಎನ್‌ಸಿ ಯಂತ್ರದ ಚಕ್ಕಿಗೆ ತುಂಡು ಇಡುವುದು, ಬಾಗಿಲು ಎಳೆಯುವುದು, ಹಸಿರು ಗುಂಡಿ ಒತ್ತುವುದು, ತೆಗೆಯುವುದು. ಪಾಳಿ ಮುಗಿಯುವ ತನಕ ಅದೇ. ಯಂತ್ರದ ಪ್ರೋಗ್ರಾಂ ತಿದ್ದುವವನು, ಟೂಲು ಸವೆದಾಗ ಆಫ್‌ಸೆಟ್ ಕೊಡುವವನು, ಡ್ರಾಯಿಂಗ್ ನೋಡಿ ಯಾವ ತುದಿಯಿಂದ ಕೊರೆಯಬೇಕೆಂದು ನಿರ್ಧರಿಸುವವನು ಬೇರೆ, ಅವನನ್ನು ಸೆಟ್ಟರ್ ಎನ್ನುತ್ತಾರೆ. ಗುಂಡಿ ಒತ್ತುವವನು ಆಪರೇಟರ್. ಹತ್ತು ವರ್ಷ ಒತ್ತಿದರೂ ಆಪರೇಟರ್ ತಾನಾಗಿ ಸೆಟ್ಟರ್ ಆಗುವುದಿಲ್ಲ, ಯಾರಾದರೂ ಕಲಿಸಬೇಕು. ಎರಡು ವರ್ಷ ಕಲಿತ ಕೈ ಅಲ್ಲಿ ಆರು ತಿಂಗಳಲ್ಲಿ ಮರಗಟ್ಟುತ್ತದೆ. ಪ್ರತಿ ವರ್ಷ ನಮ್ಮ ಐಟಿಐಗಳಿಂದ ಬಸ್ಸು ತುಂಬಿ ಹೋಗುವ ಮಕ್ಕಳನ್ನು ನೆನೆದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಅವರು ಕಲಿತದ್ದನ್ನು ಮರೆಯುವುದಕ್ಕೇ ಸಂಬಳ ಪಡೆಯುತ್ತಿದ್ದಾರೆ.

ಇವನು ನಾಲ್ಕು ತಿಂಗಳಿಗೆ ಬಿಟ್ಟು ಬಂದ. ಮನೆಯಲ್ಲಿ ರಂಪವಾಯಿತು. ಆಮೇಲೆ ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ವರ್ಷ ಅಪ್ರೆಂಟಿಸ್ ಆದ, ನೋಂದಣಿ ಸರಿಯಾಗಿತ್ತು. ಅಲ್ಲಿ ಹೈಡ್ರಾಲಿಕ್ ಭಾಗ ಕೊರೆಯುವ ಹಿರಿಯ ಸೆಟ್ಟರೊಬ್ಬರು ಮಧ್ಯಾಹ್ನದ ಊಟದ ಬಿಡುವಿನಲ್ಲಿ ತಮ್ಮ ಯಂತ್ರ ಬಿಟ್ಟುಕೊಟ್ಟು ಇವನಿಗೆ ಕಲಿಸಿದರಂತೆ. ಎಷ್ಟೋ ಕಡೆ ಕಲಿಕೆ ಹೀಗೆ, ಒಬ್ಬರ ಊಟದ ಹೊತ್ತಿನಲ್ಲಿ ನಡೆಯುತ್ತದೆ.

ಕಳೆದ ತಿಂಗಳು ಫೋನ್ ಮಾಡಿದ್ದ. "ಮಾಮಾ, ಎರಡು ಕಡೆ ಕರದಾರ. ಒಂದು ದೊಡ್ಡ ಕಂಪನಿ, ಆಪರೇಟರ್. ಇನ್ನೊಂದು ಗೋಕುಲ ರೋಡಿನಾಗ ಸಣ್ಣ ಶೆಡ್ಡು, ಸೆಟ್ಟರ್ ಕೈಕೆಳಗ. ಶೆಡ್ಡಿನಾಗ ಎರಡು ಸಾವಿರ ಕಡಿಮಿ." ನಾನು ಏನನ್ನೂ ಹೇಳುವ ಮುಂಚೆ ಅವನೇ ಮುಂದುವರಿಸಿದ: "ನಾ ಕೇಳೇನಿ. ಒಂದು ವರ್ಷದಾಗ ಸೆಟ್ಟಿಂಗ್ ಕಲಸ್ತೀರೇನು ಅಂತ. ಕಲಸ್ತೀವಿ ಅಂದಾರ."

ಅಕ್ಕನಿಗೆ ಆ ಎರಡು ಸಾವಿರದ ಚಿಂತೆ. ಭಾವನವರು ಮಾತಾಡಲಿಲ್ಲ, ಬಹಳ ಹೊತ್ತು ಸುಮ್ಮನೆ ಕುಳಿತಿದ್ದರಂತೆ. ಆಮೇಲೆ ಆ ಶೆಡ್ಡಿನಲ್ಲಿ ಯಂತ್ರ ಎಷ್ಟಿವೆ, ಸೆಟ್ಟರಿಗೆ ವಯಸ್ಸೆಷ್ಟು ಎಂದು ಮಗನನ್ನು ಕೇಳಿದರು. ಮರುದಿನ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು, ಅವನ ಜೊತೆ ಮೊದಲ ಬಸ್ಸು ಹತ್ತಿದರು, ಒಮ್ಮೆ ನೋಡಿಕೊಂಡು ಬರಲು.